ತಟ್ಟಿ, ಕಾಯಿರಿ

ಮಾರ್ಚ್ 10, ಶುಕ್ರವಾರ

ಎಂದಿನಂತೆ ನಾಲ್ಕಕ್ಕೆ ಠಾಣೆ. ಪೊಲೀಸರು ಮತ್ತು ನಮ್ಮ ರೋಮಾ ಜನರ, ಅವರ ಬಾಯಲ್ಲಿ ಜಿಪ್ಸಿಗಳ, ಕೇರಿಯ ಜಂಟಿ ಸಮಿತಿ, ಆರನೇ ಸಭೆ. ಅವರ ಮೇಜು, ಅವರ ಕುರ್ಚಿ. ಗೋಡೆಗೆ ರಾಜಧಾನಿ ಸೋಫಿಯಾದಿಂದ ಬಂದ ಬ್ಯಾನರ್. ಕೇರಿಯ ಪರವಾಗಿ ನಾನೊಬ್ಬಳೇ. ಎಂ.ಎ. ಮಾಡಿದವಳು, ಶಾಲೆಯಲ್ಲಿ ಪದ್ಯ ಕಲಿಸುವವಳು... ಹಾಗಾಗಿ ಅವರಿಗೆ ಮಾತಾಡಿಸಲು ಅಡ್ಡಿಯಿಲ್ಲದವಳು.

ನಾವು ಕೇಳುತ್ತಿರುವುದು ಒಂದೇ. ಬೆಳಕು ಹರಿಯುವ ಮೊದಲು ಬಂದು ಬಾಗಿಲು ಒದೆಯಬೇಡಿ. ತಟ್ಟಿ. ತೆರೆಯುವವರೆಗೆ ಕಾಯಿರಿ.

ಇನ್ಸ್‌ಪೆಕ್ಟರ್ ಕಾಲೋಯನ್ ತಲೆಯಾಡಿಸಿದ. ಆಮೇಲೆ ಒಂದು ಹಾಳೆ ತಳ್ಳಿದ. ಇಪ್ಪತ್ತು ಖಾಲಿ ಸಾಲು.

"ಯಾವ ಮನೆಗೆ ಯಾರು ಬಂದು ಹೋಗ್ತಾರೆ, ಬರ್ದು ಕೊಡಿ ಮೇಡಂ. ನಾವೂ ಏನಾದ್ರೂ ಕೇಳ್ಬೇಕಲ್ವಾ?"

"ನಾನು ಕೇರಿಯ ಬಾಯಿ ಸಾರ್. ನಿಮ್ಮ ಕಿವಿ ಅಲ್ಲ."

ಮುಂದಿನ ಸಭೆ ನಮ್ಮಲ್ಲಿ ಎಂದೆ. ಹಾಳೆ ಬ್ಯಾಗಿನಲ್ಲಿದೆ.

ಮಾರ್ಚ್ 17

ಸೇವ್ದಾ ಅತ್ತೆಯ ಅಂಗಳ. ಚಳಿಗಾಲದಲ್ಲಿ ಪೊಲೀಸರು ಅವಳ ಬಾಗಿಲು ಮುರಿದರು. ಇನ್ನೂ ಕಂಬಳಿಯೇ ಬಾಗಿಲು. ನಮ್ಮವರು ಬಂದವನ ಮುಖ ನೋಡುವುದಿಲ್ಲ, ಕಪ್ ನೋಡುತ್ತಾರೆ. ಕೊಟ್ಟ ಕಾಫಿ ಮುಟ್ಟದವನು ನಮ್ಮನ್ನು ಹೊಲಸೆಂದು ಬಗೆದವನು. ಅವನ ಜೊತೆ ಮಾತಿಲ್ಲ.

ಕಾಲೋಯನ್ ತನ್ನದೇ ನೀರಿನ ಬಾಟಲಿ ತಂದಿದ್ದ. ಅತ್ತೆ ಅವನ ಮುಂದೆ ಕಪ್ ಇಟ್ಟಳು.

"ಕುಡಿ ಮಗಾ. ವಿಷ ಹಾಕಿಲ್ಲ, ಸಕ್ಕರೆ ಹಾಕಿದೀನಿ."

"ಡ್ಯೂಟೀಲಿದೀನಿ ಅಜ್ಜಿ."

"ಡ್ಯೂಟೀಲಿ ಬಾಗಿಲು ಒದೀಬಹುದು, ಕಾಫಿ ಕುಡೀಬಾರ್ದಾ?"

ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು. ಕುಡಿಯಲಿಲ್ಲ. ಆಮೇಲೆ ಯಾರೂ ಮಾತಾಡಲಿಲ್ಲ. ಕಾಫಿ ಆರಿತು, ಎದ್ದು ಹೋದ.

ಅವನು ಮುಟ್ಟುವುದಿಲ್ಲವೆಂದು ಗೊತ್ತಿತ್ತು ನನಗೆ. ಗೊತ್ತಿದ್ದೇ ಎಲ್ಲರೆದುರು ಕೂರಿಸಿದೆ. ಇದು ನನ್ನ ತಪ್ಪು.

ಮಾರ್ಚ್ 28, ಮಂಗಳವಾರ

ಸಮಿತಿ ನಿಲ್ಲಿಸಿದ್ದಾರೆ, ಪತ್ರ ಬಂತು. ಇಂದು ಬೆಳಗಿನ ಜಾವ ಚಮ್ಮಾರ ಡೆಮಿರನ ಬಾಗಿಲು ಹೋಯಿತು. ಪೊಲೀಸರು ಹುಡುಕುತ್ತಿದ್ದವನು ಅಲ್ಲಿರಲಿಲ್ಲ. ತಪ್ಪು ಮನೆ.

ಠಾಣೆಗೆ ಫೋನ್ ಮಾಡಿದೆ. ಕಾಲೋಯನ್ ಎತ್ತಿದ. "ನೀವು ಲಿಸ್ಟ್ ಕೊಟ್ಟಿದ್ರೆ ಮನೆ ತಪ್ತಿರ್ಲಿಲ್ಲ ಮೇಡಂ."

ಎಷ್ಟು ಮೆತ್ತಗೆ ಹೇಳಿದ...

ಹಾಳೆ ಹೊರತೆಗೆದೆ. ಪೆನ್ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಬರೆದೆ. ಮೊದಲ ಸಾಲಿನಲ್ಲಿ ನನ್ನದೇ ಹೆಸರು.

ಮಾರ್ಚ್ 31

ನಾಲ್ಕಕ್ಕೆ ಠಾಣೆಗೆ ಹೋದೆವು. ಸಭೆ ಇಲ್ಲದಿದ್ದರೂ. ಇಪ್ಪತ್ತು ಹೆಂಗಸರು, ಒಂದು ಕಾಫಿ ಪಾತ್ರೆ. ಹಾಳೆ ಅವನ ಮುಂದಿಟ್ಟೆ. ಇಪ್ಪತ್ತೂ ಸಾಲು ತುಂಬಿತ್ತು. ಪ್ರತಿಯೊಬ್ಬಳೂ ತನ್ನ ಹೆಸರು ತಾನೇ ಬರೆದಿದ್ದಳು. ಬಂದು ಹೋಗುವವರು: ಪೊಲೀಸರು, ತಟ್ಟದೆ. ಇಪ್ಪತ್ತು ಸಲ ಅದೇ.

"ಏನ್ ಮೇಡಂ ಇದು?"

"ನೀವು ಕೇಳಿದ ಲಿಸ್ಟ್."

ಸೇವ್ದಾ ಅತ್ತೆ ಕಾಫಿ ಬಗ್ಗಿಸಿದಳು. "ಈಗ ಮನೆ ನಿಂದು, ಕಾಫಿ ನಂದು. ಕುಡ್ದು ಕಪ್ ಬೋರಲು ಹಾಕು. ತಳದ ಗಸಿ ನೋಡಿ ಭವಿಷ್ಯ ಹೇಳ್ತೀನಿ, ಪ್ರಮೋಷನ್ ಇದ್ಯಾ ಅಂತ."

ಒಬ್ಬ ಪೇದೆ ನಕ್ಕೇಬಿಟ್ಟ. ಕಾಲೋಯನ್ ಹಾಳೆಯನ್ನು ಎರಡು ಸಲ ಓದಿದ. ಒಂದು ಗುಟುಕು ಕುಡಿದ. ಏನನ್ನೂ ಒಪ್ಪಲಿಲ್ಲ. ಕಪ್ ಬೋರಲು ಹಾಕಲೂ ಇಲ್ಲ.

ಏಪ್ರಿಲ್ 11, ಬೆಳಿಗ್ಗೆ 5.40

ಎಚ್ಚರವಿದ್ದೆ. ಮಡಿಲಲ್ಲಿ ಪದ್ಯದ ಪುಸ್ತಕ, ಓದುತ್ತಿರಲಿಲ್ಲ. ಓಣಿಯಲ್ಲಿ ಜೀಪು. ನಮ್ಮ ಮನೆಯ ಮುಂದೆಯೇ ನಿಂತಿದೆ.

ಬೂಟಿನ ಸದ್ದು. ಮೆಟ್ಟಿಲ ಮೇಲೆ.

ಬಾಗಿಲಿನ ಚಿಲಕವನ್ನೇ ನೋಡುತ್ತಾ ಬರೆಯುತ್ತಿದ್ದೇನೆ.

ಬೆರಳ ಗೆಣ್ಣಿನ ಸದ್ದು. ಮೂರು ಸಲ. ಆಮೇಲೆ ಏನೂ ಇಲ್ಲ...

ಕಾಯುತ್ತಿದ್ದಾರೆ.

ಕಾಯಲಿ ಸ್ವಲ್ಪ. ಕಾಫಿಗೆ ನೀರಿಟ್ಟು ಆಮೇಲೆ —