ಒಂಬತ್ತು ಅಂಗುಲ ನಡೆದ ಮನೆ

ಫಿರಂಗಿ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಬರುವ ಗುರುವಾರ ನೀವು ಮತ್ತೆ ಫಿರಂಗಿ ಹಾರಿಸಿದರೆ ನನ್ನ ಮನೆ ನನ್ನ ತಾಯಿಯ ಸಮೇತ ಹಿತ್ತಿಲಾಚೆಯ ಹಳೇ ಕಲ್ಲುಗಣಿಯ ಗುಂಡಿಗೆ ಬೀಳುತ್ತದೆ. ಮೂರು ಅರ್ಜಿಗಳಲ್ಲಿ ಇದನ್ನೇ ವಿನಯದಿಂದ ಬರೆದಿದ್ದೆ. ವಿನಯ ಮುಗಿದಿದೆ, ಅದಕ್ಕೇ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಈ ಫಿರಂಗಿ ಯಾರನ್ನೂ ಕೊಲ್ಲುವುದಕ್ಕಲ್ಲ, ಅರವತ್ತು ಮೈಲಿ ಮೇಲಿನ ಗಾಳಿ ಎತ್ತ ಬೀಸುತ್ತದೆಂದು ತಿಳಿಯುವುದಕ್ಕೆ ಎಂದು ಶಾಲೆಯಲ್ಲಿ ಸಭೆ ಕರೆದು ಹೇಳಿದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಅಷ್ಟೆತ್ತರದ ಗಾಳಿಯ ಜಾಡು ಹಿಡಿಯುವವರಿಗೆ ಅರ್ಧ ಮೈಲಿ ಆಚೆಯ ಮನೆ ಎತ್ತ ಸರಿಯುತ್ತಿದೆ ಎಂಬುದು ಕಾಣಬಾರದೇ?

ನಿಮ್ಮ ಪರಿಶೀಲಕರು ಬಂದಿದ್ದರು. ಗೋಡೆಗೆಲ್ಲ ಟಾರ್ಚು ಬಿಟ್ಟು ನೋಡಿ, "ಎಲ್ಲೂ ಬಿರುಕೇ ಇಲ್ವಲ್ಲಮ್ಮ" ಎಂದರು. ಹೇಗಿರುತ್ತದೆ ಸ್ವಾಮಿ? ನೆಲ ಕಬ್ಬಿನ ತೋಟದವರದು, ಮನೆಯಷ್ಟೇ ನಮ್ಮದು. ಅವರು ಜಾಗ ಬಿಡು ಎಂದ ದಿನ ಎತ್ತಿಕೊಂಡು ಹೋಗಲೆಂದೇ ನಮ್ಮಜ್ಜ ಹಲಗೆಯಲ್ಲಿ ಕಟ್ಟಿ, ಗಾರೆಯಿಲ್ಲದೆ ಬಿಡಿಗಲ್ಲುಗಳ ಮೇಲೆ ಕೂರಿಸಿದ ಮನೆ ಇದು. ಇಂಥ ಮನೆ ಬಿರುಕು ಬಿಡುವುದಿಲ್ಲ, ಸರಿಯುತ್ತದೆ. ನೀವು ಹಾರಿಸಿದಾಗಲೆಲ್ಲ ಸರಿದು ಸರಿದು ಈಗ ಒಂಬತ್ತು ಅಂಗುಲವಾಗಿದೆ, ಹಿಂದಿನ ಮೂಲೆಯ ಕೆಳಗೆ ಕಲ್ಲೂ ಇಲ್ಲ, ನೆಲವೂ ಇಲ್ಲ. "ಸರಿದಿದ್ದಕ್ಕೆ ನಮ್ಮ ಫಾರಮ್ಮಲ್ಲಿ ಕಾಲಂ ಇಲ್ಲಮ್ಮ" ಎಂದು ಹೇಳಿ ಹೊರಟುಹೋದರು.

ತಾಯಿಯನ್ನು ಹೊರಗೆ ತರಬಾರದೇ ಎನ್ನುತ್ತೀರಿ. ಸೊಂಟ ಮುರಿದು ಎರಡು ವರ್ಷದಿಂದ ಮಲಗಿರುವ ಮುದುಕಿ, ಎತ್ತಲು ಹೋದರೆ ಮಂಚ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. "ಈ ಮನೆ ನಾಲ್ಕು ಸಲ ಜಾಗ ಬದಲಾಯ್ಸಿದೆ ಕಣೇ. ಒಂದ್ಸಲನೂ ನನ್ನ ಬಿಟ್ಟು ಹೋಗ್ಲಿಲ್ಲ. ನಾನ್ಯಾಕೆ ಅದನ್ನ ಬಿಡ್ಲಿ?" ಎನ್ನುತ್ತಾಳೆ. ನನಗೆ ಭಯವಾಗುತ್ತಿದೆ, ನಿರ್ದೇಶಕರೇ.

ದಾರಿ ಇಲ್ಲದಿಲ್ಲ. "ಶನಿವಾರ ಎಲ್ರಿಗೂ ರಜೆ, ಒಂದಿನ ಸಾಕು ಅಯೋನಕ್ಕ" ಎಂದಿದ್ದಾನೆ ನೆರೆಯ ಬಡಗಿ ಕ್ಲೇರ್ಮಾಂಟ್. "ಹಲಗೆ ಬಿಚ್ಚಿ ಲಾರಿಗೆ ಹಾಕಿ ಸಂಜೆಗೆ ದಿಣ್ಣೆ ಮೇಲೆ ನಿಲ್ಲಿಸ್ತೀವಿ. ನೀನು ಹಾರುಮೀನು ಹುರಿದಿಡು, ರಮ್ ಮಾತ್ರ ಮರೀಬೇಡ!" ಮನೆ ಹೊರಟರೆ ಅಮ್ಮನೂ ಮರುಮಾತಿಲ್ಲದೆ ಹೊರಡುತ್ತಾಳೆ. ಆದರೆ ದಿಣ್ಣೆ ತೋಟದವರದು. ಅಲ್ಲಿನ ಮ್ಯಾನೇಜರು, "ಮನೆ ಸರಿದಿದ್ದು ತಮ್ಮಿಂದ್ಲೇ ಅಂತ ಫಿರಂಗಿಯೋರು ಒಂದು ಸಾಲು ಬರ್ಕೊಟ್ರೆ ಜಾಗ ಕೊಡ್ತೀನಿ" ಎನ್ನುತ್ತಾರೆ.

ನಿಮ್ಮಿಂದ ಪರಿಹಾರದ ಹಣ ಬೇಡ. ಆ ಒಂದು ಸಾಲು ಬರೆದುಕೊಡಿ. ಗುರುವಾರ ಹಾರಿಸುವುದನ್ನು ಸೋಮವಾರಕ್ಕೆ ಮುಂದೂಡಿ. ಮೇಲಿನ ಗಾಳಿ ಸೋಮವಾರವೂ ಬೀಸುತ್ತದೆ.

ಆಗದಿದ್ದರೆ, ಗುರುವಾರ ನಿಮ್ಮ ಸೈರನ್ ಕೂಗುವಾಗ ನಾನೂ ಅಮ್ಮನ ಕೈ ಹಿಡಿದು ಅದೇ ಮಂಚದ ಮೇಲೆ ಕೂತಿರುತ್ತೇನೆ. ಶುಕ್ರವಾರ ನಿಮ್ಮ ಪರಿಶೀಲಕರು ಬಂದು ಗುಂಡಿಯೊಳಕ್ಕೆ ಟಾರ್ಚು ಬಿಡಲಿ. ಬಿರುಕು ಸಿಗುತ್ತದೆ.

ಇಂತಿ,
ಅಂದು ಚಪ್ಪಾಳೆ ತಟ್ಟಿದ್ದ,
ಅಯೋನಾ ಇನ್ನಿಸ್
ಕಲ್ಲುಗಣಿ ಕೇರಿ, ಬಾರ್ಬಡೋಸ್