ಇಂಗಳವೂ ಇಂಗಾಲವೂ

ನೂಲ, ತಾ. ಗಡಹಿಂಗ್ಲಜ
ತಾ. 20-10-1966

ಚಿ. ಬಾಳಕ್ಕನಿಗೆ ನಿನ್ನ ಚಿಗವ್ವ ಗೌರವ್ವ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಶೇಂಗಾ ಕೀಳುವ ಹಂಗಾಮು, ಆಳುಗಳ ಬುತ್ತಿ, ಅಜ್ಜಿಯ ಮೊಣಕಾಲು ನೋವು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆದರೆ ಕಾಗದ ಹರಿಯುತ್ತದೆಂದು ಸುಮ್ಮನಿದ್ದೆ.

ನಿನ್ನ ಪತ್ರವನ್ನು ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಓದಿದೆ. ದೀಪಾವಳಿಗೆ ಊರಿಗೆ ಬರುವುದಿಲ್ಲ, ಕೊಲ್ಲಾಪುರದ ಕಾಲೇಜಿನಲ್ಲಿ ನಿಮಗೆ ಪಾಠ ಹೇಳುವ ಇಂದುಬಾಯಿಯವರ ಜೊತೆ ರಾಧಾನಗರಿಯ ಕಾಡಿಗೆ ಹೋಗುತ್ತೇನೆ, ಅಲ್ಲಿ ಮಣ್ಣು ಅಗೆದು ನೋಡುವುದಿದೆ ಎಂದು ಬರೆದಿದ್ದಿ. ಹಬ್ಬ ಬಿಟ್ಟು ಮಣ್ಣು ಅಗೆಯಲು ಹೋಗುವವಳನ್ನು ನಮ್ಮ ಮನೆತನದಲ್ಲಿ ಇದೇ ಮೊದಲು ಕಂಡದ್ದು. ಅದರ ಕೆಳಗೆ, ಕಾಡಿನ ಮರಗಳಲ್ಲಿ ಇಂಗಾಲ ತುಂಬಿದೆ, ಮಣ್ಣಿನೊಳಗೂ ರಾಶಿ ಇಂಗಾಲ ಅಡಗಿದೆ ಎಂದು ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಎದ್ದು ಕುಳಿತರು. ನಮ್ಮ ಕಡೆ ಇಂಗಳವೆಂದರೆ ಕೆಂಡ ತಾನೆ.

"ಮಣ್ಣಾಗ ಇಂಗಳ ಐತಂದ್ರ ಹುಡಿಗಿ ಹ್ಯಾಂಗ ಅಡ್ಡ್ಯಾಡಬೇಕ? ಆ ಕಲಿಸೂ ಬಾಯಿಗೆ ಬುದ್ಧಿ ಇಲ್ಲೇನ? ಕಾಲ ಸುಟ್ಗೊಂಡ ಬಂದ್ರ ಇಕಿನ್ನ ಯಾರ ಮಾಡ್ಕೊಂತಾರ?" ಎಂದರು.

ನಿಮ್ಮಪ್ಪ ನಕ್ಕು, "ಅದು ಇಂಗಳ ಅಲ್ಲಬೇ, ಇಂಗಾಲ" ಎಂದರು. "ಹಂಗಂದ್ರ ಏನೋ?" ಎಂದು ಅಜ್ಜಿ ಕೇಳಿದಾಗ ಅವರಿಗೂ ಗೊತ್ತಿಲ್ಲ, ನನ್ನ ಮುಖ ನೋಡಿದರು. ಕಾಗದ ಮುಂದೆ ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಓದಲಿಲ್ಲ. "ಖರೇ ಐತ್ರಿ ಅತ್ತಿ, ಆ ಬಾಯಿಗೆ ಬುದ್ಧಿ ಇಲ್ಲ" ಎಂದೆ. ಹಾಗೆ ಅಂದ ಮೇಲೆ ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಸಂಜೆಯೊಳಗೆ ನಮ್ಮ ಓಣಿಗೆಲ್ಲ ರಾಧಾನಗರಿಯ ನೆಲದೊಳಗೆ ಬೆಂಕಿ ಬಿದ್ದ ಸುದ್ದಿ ಮುಟ್ಟಿತ್ತು. ಮಗ್ಗುಲ ಮನೆಯ ಹಾಲವ್ವ ಬಂದು ನಿನ್ನ ಬಗ್ಗೆ ಕಣ್ಣೀರು ಕೂಡ ಹಾಕಿ ಹೋದಳು.

ಹೋದ ವಾರ ನಾನು ಕೊಲ್ಲಾಪುರಕ್ಕೆ ಬಂದದ್ದು ಹಬ್ಬದ ಬಟ್ಟೆಗೆ ಎಂದು ನಿನಗೆ ಹೇಳಿದ್ದೆ. ಬಟ್ಟೆಯೇ ಬೇಕಾಗಿದ್ದರೆ ಇಚಲಕರಂಜಿಯಲ್ಲಿ ನನ್ನ ತಮ್ಮನ ಮಗ್ಗಗಳಿವೆ. ನಾನು ಬಂದದ್ದು ಆ ಇಂದುಬಾಯಿಯನ್ನು ನೋಡಲು. ಚೆಲುವೆಯಾಗಿರಬೇಕು, ಇಲ್ಲವೇ ಮಾತಿನಲ್ಲಿ ಮರುಳು ಮಾಡುವವಳಾಗಿರಬೇಕು ಎಂದುಕೊಂಡಿದ್ದೆ. ನೋಡಿದರೆ ನನಗಿಂತ ಕಪ್ಪು, ದಪ್ಪ ಕನ್ನಡಕ, ಸೆರಗಿಗೆ ಮಣ್ಣು. ಅದನ್ನು ಕಂಡು ನನಗೆ ಇನ್ನೂ ಸಂಕಟವಾಯಿತು. ಚೆಲುವೆಯಾಗಿದ್ದರೆ ನಿನ್ನದು ಹುಡುಗುಬುದ್ಧಿ ಎಂದು ಬಿಟ್ಟುಬಿಡುತ್ತಿದ್ದೆ.

ನೀನು ಕರೆದುಕೊಂಡು ಹೋದಾಗ ಅವರು ತಮ್ಮ ಮನೆಯಲ್ಲಿ ನನ್ನನ್ನು ಕೂರಿಸಿ, ಮುಚ್ಚಿದ ಡಬ್ಬಿಯಲ್ಲಿ ಕಾಸಿದ ಕಟ್ಟಿಗೆಯ ತುಂಡು ತೋರಿಸಿದರು. ಕರ್ರಗೆ ಇದ್ದಿಲಾಗಿತ್ತು. ಈ ಕಪ್ಪೇ ಇಂಗಾಲ, ಮರ ಇದನ್ನು ಗಾಳಿಯಿಂದ ಎಳೆದುಕೊಂಡು ಕಾಂಡ, ಕೊಂಬೆ, ಬೇರು ಎಲ್ಲ ಕಡೆ ಕೂಡಿಡುತ್ತದೆ ಎಂದರು. ಎಲೆ ಉದುರಿ ಕೊಳೆತಾಗ ಒಂದಿಷ್ಟು ಮರಳಿ ಗಾಳಿಗೆ ಹೋಗುತ್ತದಂತೆ, ಒಂದಿಷ್ಟು ಮಣ್ಣಿನಲ್ಲಿ ಉಳಿಯುತ್ತದಂತೆ. ಮರ ಕಡಿದು ಸುಟ್ಟರೆ ತಲೆಮಾರುಗಳ ಗಳಿಕೆ ಒಂದೇ ಸಲಕ್ಕೆ ಹೊಗೆ. ಆಮೇಲೆ ಆ ನೆಲ ಉತ್ತರೆ ಮಣ್ಣಿನೊಳಗಿನದೂ ಮೆಲ್ಲಗೆ ಹಾರಿಹೋಗುತ್ತದಂತೆ. ಸುಳ್ಳೇಕೆ ಹೇಳಲಿ, ಚೆನ್ನಾಗಿ ಹೇಳಿದರು. ಬೇರೆ ಯಾರಾದರೂ ಹೇಳಿದ್ದರೆ ನನಗೆ ಇಷ್ಟವೂ ಆಗುತ್ತಿತ್ತು.

ಆದರೆ ನಾನು ಇದ್ದಿಲನ್ನು ನೋಡುತ್ತಿರಲಿಲ್ಲ, ನಿನ್ನನ್ನು ನೋಡುತ್ತಿದ್ದೆ. ಅವರ ಮಾತಿನ ಮೇಲೆ ನಿನಗೆ ಕಣ್ಣುರೆಪ್ಪೆ ಬಡಿಯುವುದೂ ನೆನಪಿರಲಿಲ್ಲ. ನಾನು ನಿನಗೆ ರೊಟ್ಟಿ ಬಡಿಯಲು ಕಲಿಸುವಾಗ ನೀನು ಬಾಗಿಲ ಕಡೆ ನೋಡುತ್ತಿದ್ದಿ. ನಾನು ಕಟ್ಟಿ ತಂದ ಶೇಂಗಾ ಹೋಳಿಗೆಯ ಗಂಟು ಬಿಚ್ಚಿದೆಯಲ್ಲ, ಮೊದಲನೆಯದನ್ನು ಅವರ ಕೈಗೆ ಕೊಟ್ಟಿ. ದೊಡ್ಡವರಿಗೆ ಮೊದಲು ಕೊಡುವುದನ್ನು ನಿನಗೆ ಕಲಿಸಿದವಳು ನಾನೇ, ಅದಕ್ಕೆ ಏನೂ ಅನ್ನುವಂತಿರಲಿಲ್ಲ. ಅವರು ಹೋಳಿಗೆ ತಿನ್ನುತ್ತ, "ತುಮಚೀ ಮುಲಗೀ ಫಾರ ಹುಶಾರ ಆಹೇ" ಎಂದರು. ನಿಮ್ಮ ಮಗಳು ಬಹಳ ಜಾಣೆ ಎಂಬ ಸುದ್ದಿ ನನಗೆ ಅವರಿಂದ ತಿಳಿಯಬೇಕಾಗಿತ್ತೇ?

ಬಸ್ಸಿನಲ್ಲಿ ಕಾಗಲ ದಾಟುವ ತನಕ ಅವರಲ್ಲಿ ಹುಳುಕು ಹುಡುಕಿದೆ. ಹೋಳಿಗೆಗೆ ತುಪ್ಪ ಕಡಿಮೆ ಹಾಕಿಕೊಂಡರು ಎಂಬುದೊಂದೇ ಸಿಕ್ಕಿತು.

ಮನೆಗೆ ಬಂದು ನಿಮ್ಮಪ್ಪನ ಮುಂದೆ, "ಹಬ್ಬಕ್ಕ ಬರಾಕಬೇಕಂತ ನೀವ ಬರೀರಿ, ನಿಮ್ಮ ಮಾತ ಮೀರೂದಿಲ್ಲ" ಎಂದೆ. ಅವರು ಎಲೆ ಅಡಿಕೆ ಹಾಕಿಕೊಂಡು, "ಬರೀತೇನಿ, ಅಕಿ ಬರ್ತಾಳ. ಬಂದ ಮ್ಯಾಲ ಮಾರಿ ಸಣ್ಣ ಮಾಡ್ಕೊಂಡ ಕುಂತ್ರ ನಿನಗ ನಡೀತೈತೇನ?" ಎಂದರು. ನಡೆಯುವುದಿಲ್ಲ. ನೀನು ಮುಖ ಸಣ್ಣದು ಮಾಡಿದರೆ ನನಗೆ ಅನ್ನ ಇಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತು, ನಿನಗೂ ಗೊತ್ತಿರಬೇಕು.

ಆದ್ದರಿಂದ ಹೋಗಿ ಬಾ. ಅಜ್ಜಿಗೆ ಇಂಗಾಲದ ವಿಷಯ ತಿಳಿಸಿ ಹೇಳಿದೆ. ಹೂಂ ಎಂದರು, ಆದರೂ ಗಡಹಿಂಗ್ಲಜದಿಂದ ದಪ್ಪ ಅಟ್ಟೆಯ ಚಪ್ಪಲಿ ತರಿಸಿದ್ದಾರೆ. ಈ ಪತ್ರದ ಜೊತೆ, ಕೊಲ್ಲಾಪುರಕ್ಕೆ ಬರುತ್ತಿರುವ ನಮ್ಮೂರ ಮಲ್ಲಾರಿಯ ಕೈಯಲ್ಲಿ ಅದನ್ನೂ ಚಕ್ಕುಲಿಯನ್ನೂ ಕಳಿಸಿದ್ದೇನೆ. ಕಾಡಿನಲ್ಲಿ ಒಬ್ಬಳೇ ಹಿಂದೆ ಉಳಿಯಬೇಡ. ಹಬ್ಬದ ದಿನ ತಲೆಗೆ ಎಣ್ಣೆ ಹಚ್ಚಿಕೊಂಡೇ ಎರೆದುಕೋ. ಮಲ್ಲಯ್ಯ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಓದಿ ದೊಡ್ಡವಳಾಗು.

ಇತಿ ನಿನ್ನ
ಚಿಗವ್ವ

ತಾ. ಕ. ಅವತ್ತು ಬಸ್ಸಿಗೆಂದು ಹೊರಟವಳು ಛತ್ರಿ ಮರೆತು ತಿರುಗಿ ಬಂದಿದ್ದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ನೀನು ಅವರಿಗೆ, "ಆಯೀ, ಚಹಾ ಠೇವೂ ಕಾ?" ಎಂದು ಚಹಾ ಇಡಲು ಕೇಳುತ್ತಿದ್ದಿ. ಛತ್ರಿ ಅಲ್ಲೇ ಬಿಟ್ಟು ಹೊರಟುಬಂದೆ. ನಿನ್ನನ್ನು ಹೆತ್ತ ನನ್ನ ಅಕ್ಕ ತೀರಿಕೊಂಡ ಮೇಲೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಎರಡು ವರ್ಷ. ನೀನು ನನ್ನನ್ನು ಅವ್ವಾ ಎಂದು ಕರೆದಿ. ಅಜ್ಜಿ, "ಅವ್ವ ಅಲ್ಲ, ಚಿಗವ್ವ ಅನಬೇಕ" ಎಂದು ತಿದ್ದಿದರು. ನಾನೂ ಒಪ್ಪಿದೆ. ಅದು ಅಕ್ಕನ ಮಾತು, ನನಗೆ ಸಿಗದಿದ್ದರೂ ಮತ್ತೆ ಯಾರಿಗೂ ಸಿಗುವುದಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ನೀನು ಆ ಮಾತನ್ನು ಮರಾಠಿಯಲ್ಲಿ ಆಯೀ ಎಂದು ಅವರಿಗೆ ಕೊಟ್ಟುಬಿಟ್ಟಿ.