ವಾರ್ಡಿನ ಬಾಗಿಲಲ್ಲಿ ನೀವು ನಿಲ್ಲಿಸಿದ ಮಾತು

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಪಾಳಿ ಬದಲಾಗುವಾಗ ನರ್ಸುಗಳು ನಿಂತು ಮಾತಾಡಬಾರದೆಂಬ ನಿಮ್ಮ ಆದೇಶ ನನ್ನ ಹೆಂಡತಿಯನ್ನು ಕೊಂದಿತು. ಬೀದರಿನಲ್ಲಿ ತಮಗೆ ಎದುರಾಡುವವರಿಲ್ಲವಂತೆ. ಅದಕ್ಕೇ ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ನಾನು ಠಾಣಾ ಕುಶನೂರಿನ ದರ್ಜಿ. ಎದೆಯ ಸೋಂಕಾಗಿದ್ದ ಫರ್ಹೀನಳನ್ನು ನಿಮ್ಮಲ್ಲಿ ಸೇರಿಸಿದ್ದೆ. ಬೆಳಗಿನ ನರ್ಸ್ ಮಹಾಮಾಯಾ ಸೂಜಿ ಮಾಡುವ ಮೊದಲು ಒಂದು ಹನಿ ಚುಚ್ಚಿ ನೋಡಿದರು. ಕೈ ಊದಿತು. ಆ ಔಷಧ ನಿಲ್ಲಿಸಿ, ಕಂಪ್ಯೂಟರಿನಲ್ಲಿ ದಾಖಲಿಸಿದರು. ಮಂಚಕ್ಕೆ ತೂಗುಹಾಕಿದ ಔಷಧದ ಚೀಟಿಯಲ್ಲಿ ಪೆನ್ನಾಡಿಸುವುದನ್ನು ನೀವು ನಿಷೇಧಿಸಿದ್ದಿರಲ್ಲ! ಸಂಜೆಯ ಪಾಳಿಯ ಸಂತೋಷಕುಮಾರ ಹೊಸಬರು. ಕಂಪ್ಯೂಟರಿನ ಪಾಸ್‌ವರ್ಡನ್ನು ಅವರಿಗೆ ತಾವಿನ್ನೂ ದಯಪಾಲಿಸಿರಲಿಲ್ಲ. ಪಾಪ, ಬಾಗಿಲಲ್ಲಿ ಮಹಾಮಾಯಾರನ್ನು ತಡೆದು ರೋಗಿಗಳ ಬಗ್ಗೆ ಕೇಳತೊಡಗಿದರು. ಅಷ್ಟರಲ್ಲಿ ತಾವು ಬಂದಿರಿ.

“ಇದೇನ್ ಸಂತೀನಾ? ಎಲ್ಲಾ ಕಂಪ್ಯೂಟರ್‌ನಾಗ ಅದ. ನಡೀರಿ.”

ಮಹಾಮಾಯಾ ಅಂದರು: “ಸರ್, ಆ ಫರ್ಹೀನ್ ಬಾಯಿಯವರಿಗಿ ಒಂದ್ ಸೂಜಿ ಆಗಂಗಿಲ್ರಿ. ಅಷ್ಟು ಹೇಳಿ ಹೋಗ್ತೇನ್ರಿ.”

“ಪಗಾರ ಕಟ್ ಮಾಡ್ಲೇನು?”

ಮಹಾಮಾಯಾ ಹೋದರು. ಜ್ವರದ ಮಂಪರಿನಲ್ಲಿದ್ದ ಫರ್ಹೀನಳಿಗೆ ಬಾಯಿ ಬಿಡುವ ಶಕ್ತಿ ಇರಲಿಲ್ಲ. ಚೀಟಿಯಲ್ಲಿ ಹಾಗೇ ಉಳಿದಿದ್ದ ಆ ಔಷಧವನ್ನೇ ಸಂತೋಷಕುಮಾರ ಕೊಟ್ಟರು. ಬೆಳಿಗ್ಗೆಯೇ ಊರಿಗೆ ಹೋಗಿದ್ದ ನಾನು ಮಗಳು ಸಾನಿಯಾಳನ್ನು ಕರೆತರುವಷ್ಟರಲ್ಲಿ ಮುಖದ ಮೇಲೆ ಹೊದಿಕೆ ಎಳೆದಿದ್ದರು. ಅಮ್ಮಿಗೆಂದು ತಂದ ಖಿಚಡಿ ಡಬ್ಬಿಯನ್ನು ಯಾರ ಕೈಗೆ ಕೊಡಬೇಕೆಂದು ಮಗು ಕೇಳಿತು. ತಮ್ಮ ಕಂಪ್ಯೂಟರಿನಲ್ಲಿ ಇದಕ್ಕೆ ಉತ್ತರ ಇದೆಯೇ?

ಆಮೇಲೆ ತಾವು ಮಾಡಿದ್ದೇನು? ಮಾಹಿತಿ ಹಂಚಿಕೊಳ್ಳಲಿಲ್ಲವೆಂದು ಮಹಾಮಾಯಾರನ್ನೇ ಕೆಲಸದಿಂದ ತೆಗೆದಿರಿ. ಅದೇ ವಾರ ಭಾಲ್ಕಿಯ ಸಮಾರಂಭವೊಂದರಲ್ಲಿ ‘ಸಿಬ್ಬಂದಿ ನಡುವೆ ಜ್ಞಾನ ಹಂಚಿಕೆ’ ಎಂದು ಭಾಷಣ ಬಿಗಿದು ಶಾಲು ಹೊದ್ದಿರಿ. ಶಾಲು ಬೆಚ್ಚಗಿತ್ತೇ, ಸಾಹೇಬರೇ?

ವಾರ್ಡಿನ ಬಾಗಿಲಲ್ಲಿ ನಡೆದದ್ದು ನನಗೆ ಗೊತ್ತಾದದ್ದು ಫರ್ಹೀನಳ ಜಿಯಾರತ್ತಿನಂದು, ಸತ್ತ ಮೂರನೇ ದಿನದ ಪ್ರಾರ್ಥನೆಯಂದು. ಆ ಇಬ್ಬರೂ ನರ್ಸುಗಳು ಮನೆಗೆ ಬಂದು, ಪಡಸಾಲೆಯಲ್ಲಿ ಕುಳಿತು, ಅಂದು ಅರ್ಧಕ್ಕೆ ನಿಂತದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು. ಸಂತೋಷಕುಮಾರ ಅತ್ತರು. ನಿಮ್ಮ ಆಸ್ಪತ್ರೆಯ ಪಾಳಿ ಬದಲಾವಣೆ ಮುಗಿದದ್ದು ನಮ್ಮ ಮನೆಯಲ್ಲಿ, ರೋಗಿಯನ್ನು ಮಣ್ಣು ಮಾಡಿದ ಮೇಲೆ.

ನಿಮ್ಮ ಪರಿಹಾರ ನನಗೆ ಬೇಡ. ಆ ಆದೇಶ ಹರಿದುಹಾಕಿ. ಮಹಾಮಾಯಾರನ್ನು ಮರಳಿ ಕರೆಯಿರಿ. ಬಳಿಕ ನಮ್ಮೂರಿಗೆ ಬನ್ನಿ. ಅಮ್ಮಿ ಯಾಕೆ ಸತ್ತಳೆಂದು ಸಾನಿಯಾ ದಿನಾ ಕೇಳುತ್ತಾಳೆ. ನಾನು ಇನ್ನೂ ಹೇಳಿಲ್ಲ. ಆ ಕೆಲಸ ತಮ್ಮದು.

ಇಂತಿ,
ತಮ್ಮ ದಾಖಲೆಗಳಲ್ಲಿ ಬರೀ ‘ರೋಗಿಯ ಕಡೆಯವ’,
ಖಾಲಿದ